ಗರಿಗರಿಯ ತಡವರಿಸುವ ಕಂಪ್ಯೂಟರು

ಇಸ್ತ್ರಿ ಹಾಕಿಸಲು ಬರುವ ಗಿರಾಕಿಗಳೆಲ್ಲ ಸೇರಿ ನನ್ನ ತಮ್ಮನಿಗೆ ಗರಿಗರಿ ಎಂದು ಹೆಸರಿಟ್ಟಿದ್ದಾರೆ. ತಪ್ಪೇನಿಲ್ಲ. ಹಾಲು ತರಲು ಬೀದಿಯ ತುದಿಗೆ ಹೋಗುವಾಗಲೂ ಅವನ ಅಂಗಿಯ ತೋಳಿನಲ್ಲಿ ಗೆರೆ ನಿಂತಿರಬೇಕು. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಿಡುವು ಸಿಕ್ಕಾಗೆಲ್ಲ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಗೀತ ಮಾಡುತ್ತಾನೆ. ಬಟ್ಟೆ ಅಂಗಡಿಯ ಜಾಹೀರಾತಿಗೆ, ಶಾಲೆ ಮಕ್ಕಳ ನಾಟಕಕ್ಕೆ, ಯಾರು ಕೇಳಿದರೆ ಅವರಿಗೆ. ಚೆನ್ನಾಗಿಯೇ ಮಾಡುತ್ತಾನೆ, ಸುಳ್ಳು ಹೇಳಬಾರದು. ಆದರೆ ಅವನ ಜೊತೆ ಒಂದೇ ಸೂರಿನಡಿ ಏಗುವುದಿದೆಯಲ್ಲ, ಅದು ನನಗೇ ಗೊತ್ತು.

ಮುಂದಿನ ಕೋಣೆ ನಮ್ಮ ಇಸ್ತ್ರಿ ಅಂಗಡಿ. ಅಪ್ಪ ಹೋದ ಮೇಲೆ ಅಮ್ಮ ಆ ಮೇಜಿನ ಮುಂದೆ ನಿಂತೇ ನಮ್ಮಿಬ್ಬರನ್ನೂ ಸಾಕಿದಳು. ಈಗ ನಾನೂ ಅವಳ ಜೊತೆ ನಿಲ್ಲುತ್ತೇನೆ. ಅವಳ ಕಟ್ಟಳೆ ಒಂದೇ: ಸುಕ್ಕು ಉಳಿದ ಬಟ್ಟೆಯನ್ನು ಪಕ್ಕಕ್ಕೆ ಎತ್ತಿಟ್ಟು ಇನ್ನೊಂದಕ್ಕೆ ಕೈ ಹಾಕುವ ಹಾಗಿಲ್ಲ. ಆಗಲೇ ನೀರು ಚಿಮುಕಿಸಿ, ಹಾಕಿದ ಗೆರೆಯನ್ನೆಲ್ಲ ಅಳಿಸಿ, ಮೊದಲಿನಿಂದ ಶುರು ಮಾಡಬೇಕು. ಆಮೇಲೆ ನೋಡೋಣ ಎಂದು ಇಟ್ಟ ಬಟ್ಟೆ ಹಾಗೇ ಗಿರಾಕಿಯ ಕೈ ಸೇರುತ್ತದೆ ಎನ್ನುತ್ತಾಳೆ. ಚಿಕ್ಕಂದಿನಿಂದ ಕೇಳಿ ಕೇಳಿ ಈ ಮಾತು ನಮ್ಮ ರಕ್ತಕ್ಕೇ ಇಳಿದುಬಿಟ್ಟಿದೆ.

ಇಸ್ತ್ರಿ ಪೆಟ್ಟಿಗೆ ಉಜ್ಜುವಾಗ ಅಮ್ಮ ಹಾಡುತ್ತಿದ್ದಳು. ಯಾರೋ ಬರೆದ ಹಾಡಲ್ಲ, ತಾನೇ ಕಟ್ಟಿದ್ದು. ಬಟ್ಟೆ ಕೊಟ್ಟವರನ್ನೆಲ್ಲ ಅದರಲ್ಲಿ ಎಳೆದು ತರುತ್ತಿದ್ದಳು. ‘ಡಾಕ್ಟರ ಅಂಗಿಗೆ ಗುಂಡಿಯೇ ಇಲ್ಲ, ಎದೆ ಬಿಚ್ಚಿ ನಡೆದರೆ ನಾಚಿಕೆ ಇಲ್ಲ’ ಎಂದು ಶುರುವಾದರೆ ಪೊಲೀಸಿನವನ ಪ್ಯಾಂಟು ವರ್ಷಕ್ಕೊಮ್ಮೆ ಸೊಂಟ ಬಿಚ್ಚಿಸಿಕೊಳ್ಳುವ ತನಕ ಹೋಗುತ್ತಿತ್ತು. ಗಿರಾಕಿಗಳು ಬಾಗಿಲಲ್ಲೇ ನಿಂತು ತಮ್ಮ ಸರದಿ ಬಂತಾ ಎಂದು ಕಾಯುತ್ತಿದ್ದರು. ಕೊನೆಯ ಸಾಲಿನಲ್ಲಿ ಅವಳ ದನಿ ಇದ್ದಕ್ಕಿದ್ದಂತೆ ಮೇಲೆ ಏರಿ ಅಲ್ಲೇ ನಿಲ್ಲುತ್ತಿತ್ತು. ಅದನ್ನು ಕೇಳಿದರೆ ನನಗೆ ಪ್ರತಿ ಸಲವೂ ಮೈ ಜುಂ ಎನ್ನುತ್ತಿತ್ತು.

ಅಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಬೆಳೆದಿತ್ತು. ತೆಗೆಯಲೇಬೇಕು ಎಂದರು ಆಸ್ಪತ್ರೆಯಲ್ಲಿ. ಜೀವಕ್ಕೆ ಭಯವಿಲ್ಲ, ಆದರೆ ದನಿ ದಪ್ಪವಾಗಬಹುದು, ಎತ್ತರದ ಸ್ವರ ಮತ್ತೆ ಬರದೇ ಹೋಗಬಹುದು ಎಂದೂ ಹೇಳಿದರು. ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಇಸ್ತ್ರಿ ಹಾಕೋದು ಕೈಯಿಂದ, ಗಂಟಲಿಂದಲ್ಲವಲ್ಲ ಎಂದು ನಕ್ಕಳು. ತಲೆ ಕೆಟ್ಟದ್ದು ನಮಗೆ. ಆಪರೇಷನ್ನಿಗೆ ಮೊದಲು ಅಮ್ಮನ ಹಾಡನ್ನು ಪೂರ್ತಿ ರೆಕಾರ್ಡ್ ಮಾಡಿಯೇ ತೀರುತ್ತೇನೆ ಎಂದು ಗರಿಗರಿ ಕನ್ನಡಕದ ಅಂಗಡಿಗೆ ರಜೆ ಹಾಕಿದ. ಅವನ ಮೇಲೆ ನನಗೆ ಅಭಿಮಾನ ಉಕ್ಕಿದ್ದು ಅದೇ ಕೊನೆ.

ಮೊದಲ ದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ತಲೆ ಬಾಚಿಕೊಂಡು, ಮೈಕಿನ ಮುಂದೆ ನಿಂತು ಒಂದೇ ಉಸಿರಿಗೆ ಹಾಡಿ ಮುಗಿಸಿದಳು. ಬಾಗಿಲ ಹೊರಗೆ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು. ಒಳಗೆ ಹೋದರೆ ಇವನು ಮುಖ ಸಿಂಡರಿಸಿ ಕೂತಿದ್ದಾನೆ. ಹಿಡಿದದ್ದನ್ನು ಮತ್ತೆ ಹಾಕಿ ಕೇಳಿಸಿದ. ಅಮ್ಮನ ದನಿ ಎರಡು ಸಾಲು ಬರುತ್ತದೆ, ಟಿಕ್ ಎಂದು ಕಡಿಯುತ್ತದೆ, ‘ಡಾ ಡಾ ಡಾಕ್ಟರ’ ಎಂದು ತಡವರಿಸುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಒಳ್ಳೆ ಕಲ್ಲು ಸಿಕ್ಕಿದ ಅನ್ನ ಉಂಡ ಹಾಗೆ.

“ಇದು ಕೆಟ್ಟಿತು ಅಮ್ಮ, ಇನ್ನೊಂದು ಸಲ ಹಾಡ್ಬಿಡು,” ಎಂದ. ಅಮ್ಮ ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾಗಿ, ನೀರು ಕುಡಿದು ಮತ್ತೆ ಹಾಡಿದಳು. ಕೆಟ್ಟದ್ದನ್ನು ಅವನು ಆಗಲೇ ಅಳಿಸಿ ಆಗಿತ್ತು. ಇಸ್ತ್ರಿ ಮನೆಯ ಮಗ, ಇಟ್ಟುಕೊಳ್ಳುತ್ತಾನೆಯೇ?

ಆಮೇಲಿನ ದಿನಗಳ ರಗಳೆ ಹೇಳಿ ಸುಖವಿಲ್ಲ. ಮೊದಲು ವೈರಿನ ತಪ್ಪು ಎಂದ, ಹೊಸ ವೈರು ಬಂತು. ಆಮೇಲೆ ಫ್ರಿಜ್ಜಿನ ತಪ್ಪು ಎಂದ, ಫ್ರಿಜ್ಜು ಆರಿಸಿ ಹಾಲು ಒಡೆಯಿತು. ಇಂಟರ್ನೆಟ್ಟಿನ ತಪ್ಪು ಎಂದು ಆ ಡಬ್ಬಿಯ ಪ್ಲಗ್ಗು ಕಿತ್ತು ಬಿಸಾಕಿದ. ಫ್ಯಾನು ಆರಿಸಿ ಅಮ್ಮನನ್ನು ಆ ಸೆಕೆಯಲ್ಲಿ ಬೆವರಿಳಿಸಿ ನಿಲ್ಲಿಸಿದ. ಬಫರ್ ಎನ್ನುವುದೊಂದು ಇದೆಯಂತೆ, ಶಬ್ದವನ್ನು ಕಂಪ್ಯೂಟರು ಒಂದಿಷ್ಟು ಸೇರಿಸಿಟ್ಟುಕೊಂಡು ಆಮೇಲೆ ಬಡಿಸುವುದು. ಅದನ್ನು ಹೆಚ್ಚು ಮಾಡಿದ. ತಡವರಿಕೆ ಕಡಿಮೆಯಾಯಿತು, ಆದರೆ ಅಮ್ಮನ ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಅವಳ ದನಿ ಅವಳಿಗೇ ತಡವಾಗಿ ಕೇಳಿಸತೊಡಗಿತು. ತನ್ನ ಹಿಂದೆಯೇ ಯಾರೋ ಅಣಕಿಸುತ್ತಿದ್ದಾರೆ ಎಂದು ಅವಳು ತಾಳ ತಪ್ಪಿದಳು. ಬಫರ್ ಮತ್ತೆ ಕಡಿಮೆಯಾಯಿತು, ಟಿಕ್ ಟಿಕ್ ವಾಪಸ್ಸು ಬಂತು.

ಪ್ರತಿ ಸಲವೂ ಅದೇ ಕತೆ. ಹಾಡು, ಕೇಳು, ಮುಖ ಸಿಂಡರಿಸು, ಅಳಿಸು. ಡಿಸ್ಕು ಹಗುರಾಗಲಿ ಎಂದು ಅಳಿಸಿದ್ದರ ಬುಟ್ಟಿಯನ್ನೂ ಗುಡಿಸಿ ಹಾಕುತ್ತಿದ್ದ. ನಾನು ಬೈದೆ. ನಿನ್ನ ಕಂಪ್ಯೂಟರನ್ನ ತಗೊಂಡು ಹೋಗಿ ಮೋರಿಗೆ ಹಾಕು, ನನ್ನ ಫೋನಿನಲ್ಲಿ ಹಿಡಿಯೋಣ ಎಂದೆ. ಅವನು ನಾನು ಅಮ್ಮನಿಗೆ ಹರಕು ಸೀರೆ ಉಡಿಸಲು ಹೊರಟವಳೋ ಎಂಬಂತೆ ನೋಡಿದ. ಅಮ್ಮನ ಹಾಡು ಫೋನಿನಲ್ಲಿ ಹಿಡಿಯುವಂಥದ್ದಲ್ಲವಂತೆ. ಹಟಮಾರಿ ಎಂದರೆ ಹಟಮಾರಿ.

ಆಸ್ಪತ್ರೆಗೆ ಸೇರುವ ಹಿಂದಿನ ದಿನಕ್ಕೆ ಅಮ್ಮನ ಗಂಟಲು ಕೆರೆದುಹೋಗಿತ್ತು. ಆದರೂ ನಿಂತಳು. ಅರ್ಧ ಹಾಡಿದಳು, ಕೆಮ್ಮಿದಳು, ಮತ್ತೆ ಎರಡು ಸಾಲು ಎಳೆದಳು. ದನಿ ಮೇಲೇರಬೇಕಾದ ಜಾಗಕ್ಕೆ ಬಂದಾಗ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟಳು.

“ಸಾಕು ಕಣೋ. ನನ್ನ ಗಂಟಲೇನು ನಲ್ಲಿನಾ, ತಿರುಗಿಸಿದಾಗೆಲ್ಲ ಬರೋದಕ್ಕೆ?”

ಅವಳನ್ನು ಆಸ್ಪತ್ರೆಗೆ ಸೇರಿಸಿದೆವು, ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು, ನೆಮ್ಮದಿಯ ಉಸಿರು ಬಿಟ್ಟೆವು. ಅವಳು ಅಲ್ಲಿ ಮಲಗಿದ್ದಾಗ ನಾನು ತಡೆಯಲಾರದೆ ಪಕ್ಕದ ಬೀದಿಯ ಕಂಪ್ಯೂಟರ್ ರಿಪೇರಿಯವರನ್ನು ಮನೆಗೆ ಕರೆತಂದೆ. ಹೊರಗಿನವರು ತನ್ನ ಯಂತ್ರ ಮುಟ್ಟುವುದು ಗರಿಗರಿಗೆ ಇಷ್ಟವಿಲ್ಲ. ಬೆನ್ನ ಹಿಂದೆಯೇ ನಿಂತು, ವೈರು ನೋಡಿದ್ದೇನೆ, ಡ್ರೈವರ್ ನೋಡಿದ್ದೇನೆ, ಅದು ನೋಡಿದ್ದೇನೆ, ಇದು ನೋಡಿದ್ದೇನೆ ಎಂದು ವರದಿ ಒಪ್ಪಿಸುತ್ತಿದ್ದ. ರಿಪೇರಿಯವರು ಅದಕ್ಕೆಲ್ಲ ಹೂಂ ಎಂದು, ಒಂದು ಸೆಟ್ಟಿಂಗ್ ತೆರೆದು ಅಲ್ಲೇ ನಿಂತರು. ಕಂಪ್ಯೂಟರು ಕರೆಂಟು ಉಳಿಸುವ ವ್ಯವಸ್ಥೆಯಲ್ಲಿತ್ತು. ಮೈಯಲ್ಲಿ ಶಕ್ತಿ ಇದ್ದರೂ ಅರ್ಧ ನಿದ್ದೆಯಲ್ಲಿ ಕೆಲಸ ಮಾಡುತ್ತಿತ್ತು. ಹೀಗೆ ಇಟ್ಟವರು ಯಾರು ಎಂದು ಕೇಳಿದರು.

ಇಟ್ಟವನು ಇವನೇ. ಕಂಪ್ಯೂಟರಿನ ಒಳಗಿನ ಫ್ಯಾನು ಬುರ್ ಎನ್ನುವ ಸದ್ದು ಅಮ್ಮನ ಹಾಡಿನಲ್ಲಿ ಬೀಳಬಾರದೆಂದು, ಮೊದಲ ದಿನ ಬೆಳಿಗ್ಗೆ ತಾನೇ ಬದಲಾಯಿಸಿ, ತಾನೇ ಮರೆತಿದ್ದ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಸೆಟ್ಟಿಂಗ್ ಸರಿ ಮಾಡಿ ಅವನ ಹಳೆಯ ಜಾಹೀರಾತೊಂದನ್ನು ಹಾಕಿದರೆ ಎಣ್ಣೆ ಹೊಯ್ದ ಹಾಗೆ ಹರಿಯಿತು. ಗರಿಗರಿಯ ಮುಖ ಅರಳಿತು. ಇನ್ನು ಮುಂದೆ ರೆಕಾರ್ಡಿಂಗು ಹಾಳಾಗುವುದಿಲ್ಲ ಅಲ್ಲವೇ ಎಂದು ಕೇಳಿದ.

“ಮೊದಲೂ ಹಾಳಾಗಿರಲ್ಲ ಬಿಡಿ,” ಎಂದರು ರಿಪೇರಿಯವರು. “ಹಾಕಿ ಕೇಳಿಸುವಾಗ ಮಾತ್ರ ಇದು ತಡವರಿಸ್ತಿತ್ತು. ಹಿಡಿದದ್ದು ಸರಿಯಾಗೇ ಇರತ್ತೆ.”

ಉಳಿದಿದ್ದ ಒಂದೇ ಒಂದನ್ನು, ಅಮ್ಮ ಕೆಮ್ಮಿ ನಿಲ್ಲಿಸಿದ್ದನ್ನು, ರಿಪೇರಿಯವರು ತಮ್ಮದೇ ಫೋನಿಗೆ ಹಾಕಿಕೊಂಡು ನುಡಿಸಿದರು. ಒಂದು ಟಿಕ್ ಇಲ್ಲ. ಕೆಮ್ಮು, ಕೆರೆತ, ನಲ್ಲಿಯ ಬೈಗುಳ, ಎಲ್ಲ ಸ್ಪಷ್ಟ. ಅಳಿಸಿದ್ದನ್ನು ವಾಪಸ್ಸು ತರಲಾಗುತ್ತದೆಯೇ ಎಂದು ನಾನು ಕೇಳಿದೆ. ಅವರು ಬಹಳ ಹೊತ್ತು ಹುಡುಕಿದರು. ಅದರ ಜಾಗದಲ್ಲೇ ಮತ್ತೆ ಮತ್ತೆ ಹೊಸದನ್ನು ಬರೆದಿದ್ದೀರಿ, ಏನೂ ಸಿಗುವುದಿಲ್ಲ ಎಂದು ಚೀಲ ಮುಚ್ಚಿದರು. ಗರಿಗರಿ ಕುರ್ಚಿಯಲ್ಲಿ ಕುಸಿದವನು ಅವರು ಹೊರಟಾಗಲೂ ಏಳಲಿಲ್ಲ. ಅವರ ಹಿಂದೆ ಬಾಗಿಲು ಹಾಕಿ ಬಂದು ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅಮ್ಮನಿಗೆ ಹೇಳುವುದು ಬೇಡ ಎಂದು ಕೊನೆಗೆ ಇಬ್ಬರೂ ಒಪ್ಪಿದೆವು.

ಅಮ್ಮ ಮನೆಗೆ ಬಂದಳು. ಡಾಕ್ಟರು ಹೇಳಿದಂತೆಯೇ ಆಯಿತು. ದನಿ ದಪ್ಪವಾಗಿ, ಒಡಕಾಗಿ, ಯಾರೋ ಬೇರೆಯವರು ಮಾತಾಡಿದ ಹಾಗಿತ್ತು. ಗಾಯ ಮಾಯಲು ಬಿಟ್ಟು ಪೆಟ್ಟಿಗೆ ಹಿಡಿದ ಮೊದಲ ದಿನ ಹಾಡಲು ನೋಡಿದಳು. ಪೊಲೀಸಿನವನ ಪ್ಯಾಂಟಿನ ತನಕ ಹೇಗೋ ಬಂತು, ಕೊನೆಯ ಸಾಲು ಮೇಲೆ ಏರುವ ಕಡೆ ಬರೀ ಗಾಳಿ ಹೊರಟಿತು. ಇನ್ನೊಮ್ಮೆ ನೋಡಿದಳು. ಬಾಗಿಲಲ್ಲಿದ್ದ ಗಿರಾಕಿ ತಮ್ಮ ಬಟ್ಟೆಯ ಗಂಟು ಎತ್ತಿಕೊಂಡು ಆಮೇಲೆ ಬರ್ತೀನಿ ಎಂದು ಹೊರಟುಹೋದರು.

ಅಮ್ಮ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಗರಿಗರಿಯನ್ನು ಕರೆದಳು. ಹಾಡು ಕೇಳಿಸು ಎಂದಳು. ಅವನು ಉಳಿದದ್ದನ್ನೇ ಹಾಕಲು ಹೊರಟ. ಅಮ್ಮ ತಲೆಯಾಡಿಸಿದಳು.

“ಅದು ಬೇಡ. ಮೊದಲನೇ ದಿನದ್ದು ಹಾಕೋ. ಆ ಮೊದಲನೇದು.”

ಅವನು ನನ್ನ ಕಡೆ ನೋಡಿದ. ಅದು ವೈರಿನಿಂದ ಹೋಯಿತು, ಡಿಸ್ಕಿನಿಂದ ಹೋಯಿತು ಎಂದು ಏನಾದರೂ ಒಂದು ಹೇಳುತ್ತಾನೆ ಎಂದುಕೊಂಡೆ. ಹೇಳಲಿ ಎಂದು ಬೇಡಿಕೊಂಡೆ ಕೂಡ.

“ನಾನೇ ಅಳಿಸಿಬಿಟ್ಟೆ ಅಮ್ಮ,” ಎಂದ. “ಅದರಲ್ಲಿ ಏನೂ ತಪ್ಪಿರಲಿಲ್ಲ.”

ಅಮ್ಮ ಮೇಜಿನ ಮೇಲಿನ ಅಂಗಿಯ ತೋಳನ್ನು ಅಂಗೈಯಿಂದ ಸವರಿದಳು. ಇನ್ನೊಮ್ಮೆ ಸವರಿದಳು.

“ನಂಗೂ ಅವತ್ತು ಹಾಗೇ ಅನ್ನಿಸಿತ್ತು ಕಣಪ್ಪ, ಚೆನ್ನಾಗಿ ಬಂತು ಅಂತ. ನಿನಗೆ, ಕಂಪ್ಯೂಟರಿಗೆ, ನನಗಿಂತ ಚೆನ್ನಾಗಿ ಗೊತ್ತಿರತ್ತೆ ಅಂತ ಸುಮ್ಮನಾದೆ.”

ಅವನು ಅಂಗಡಿಯ ನಡುವೆಯೇ ನೆಲಕ್ಕೆ ಕೂತು ಅತ್ತ. ಇಸ್ತ್ರಿ ಹಾಕಿದ ಅಂಗಿ ಮುದ್ದೆಯಾಯಿತು. ಅವನಿಗೆ ಬೈಯಲು ನನ್ನ ಹತ್ತಿರ ಇನ್ನೂ ಬೇಕಾದಷ್ಟು ಇತ್ತು, ಆದರೂ ಹೋಗಿ ಅವನ ಪಕ್ಕದಲ್ಲಿ ಕೂತೆ. ಅಮ್ಮ ಅವನ ತಲೆ ನೇವರಿಸಿ, ಪೊಲೀಸಿನವನ ಪ್ಯಾಂಟು ಎಳೆದುಕೊಂಡು, ನೀರು ಚಿಮುಕಿಸಿ ಸದ್ದಿಲ್ಲದೆ ಉಜ್ಜತೊಡಗಿದಳು.