ಟೀಚರ್ ಉಲ್ಟಾ ಕೂತ ಸೀಟು

ಅವತ್ತೂ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು ತಲೆ ಎತ್ತಿದಾಗ ಎದುರುಮನೆ ಮೆಟ್ಟಿಲ ಮೇಲೆ ಟೀಚರ್ ಚಪ್ಪಲಿ ಕಂಡವು. ಅವರ ಪಾದ ದೊಡ್ಡವು. ಸಿಂಧನೂರಿನ ಯಾವ ಅಂಗಡಿಯಲ್ಲೂ ಹೆಂಗಸರ ಅಳತೆ ಸಾಲದೆ ಗಂಡಸರ ಕಪ್ಪು ಚಪ್ಪಲಿಯನ್ನೇ ಹಾಕುತ್ತಿದ್ದರು. ಅವರು ತೀರಿಕೊಂಡು ತಿಂಗಳ ಮೇಲಾಗಿತ್ತು. ಮನೆ ಖಾಲಿ ಮಾಡಿದ ಅವರ ತಮ್ಮನ ಮನೆಯವರು ಚಪ್ಪಲಿ ಬಿಟ್ಟು ಹೋಗಿದ್ದರು. ದೋಣಿಯನ್ನೂ.

ಒಳಗೆ ಬಂದು ರೊಟ್ಟಿ ಬಡಿದೆ. ನಮ್ಮ ಮನೆಯವರು ಡಬ್ಬಿ ತಗೊಂಡು ಲಿಂಗಸುಗೂರಿನ ಆಫೀಸಿಗೆ ಬಸ್ಸು ಹತ್ತಿದರೆ, ಸಂಜೆಯ ತನಕ ಕುಕ್ಕರ್ ಒಂದೇ ನನ್ನ ಜೊತೆ ಮಾತಾಡುವುದು.

ಕಾನ್ವೆಂಟಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದವರು ಟೀಚರ್. ಮದುವೆಯಾಗಿ ನಾನು ಈ ಓಣಿಗೆ ಬಂದಾಗ ಎದುರುಮನೆಯವರಾದರು. ಒಂಟಿ ಜೀವ. ರಿಟೈರಾದ ಮೇಲೆ ಉಳಿದವರು ಕಾಶಿ, ರಾಮೇಶ್ವರ ಅಂದರೆ ಇವರು ದೋಣಿ ಅಂದರು. ಚಿಕ್ಕವರಿದ್ದಾಗ ಅಪ್ಪನ ಜೊತೆ ಹರಿಗೋಲಿನಲ್ಲಿ ಹೊಳೆ ದಾಟಿದ್ದರಂತೆ.

"ಹರಿಗೋಲು ತನ್ನ ಸುತ್ತ ತಾನ ತಿರುಗ್ತದ. ನನಗ ನೆಟ್ಟಗ ಹೋಗೂದು ಬೇಕು" ಅನ್ನುತ್ತಿದ್ದರು.

ಒಂದು ದಿನ ಮಾಳಿಗೆಗೆ ಕರೆದರು. ರಂಗೋಲಿ ಪುಡಿಯಲ್ಲಿ ಎರಡು ದೋಣಿ ಬರೆದಿದ್ದರು, ನಿಜದ ಅಳತೆಯಲ್ಲಿ. ಗಿಡ್ಡದು ಒಬ್ಬರಿಗೆ, ಹೆಗಲ ಮೇಲೆ ಹೊರುವಷ್ಟು ಹಗುರ. ಉದ್ದದ್ದು ಇಬ್ಬರಿಗೆ, ಹೊಟ್ಟೆ ಅಗಲ, ತಳ ಚಪ್ಪಟೆ.

"ಕೂಡಬೇ."

ಉದ್ದದ್ದರ ಮುಂದಿನ ಸೀಟಿನಲ್ಲಿ ಕೂತೆ. ಹಿಂದೆ ಅವರು.

"ನೀ ಬರ್ತೀ ಅಂದ್ರ ಇದು, ಬರೂದಿಲ್ಲಂದ್ರ ಅದು. ಈಗ ಹೇಳು."

"ಬರ್ತೀನ್ರಿ ಟೀಚರ್. ಆದ್ರ ಕರೆದಾಗೆಲ್ಲಾ ಆಗೂದಿಲ್ಲ. ಮನ್ಯಾಗ ಕೆಲಸ ಇರ್ತದ."

ಟೀಚರ್ ಎದ್ದು ಗಿಡ್ಡ ದೋಣಿಯನ್ನು ಆ ದೊಡ್ಡ ಪಾದದಿಂದ ಅಳಿಸಿಬಿಟ್ಟರು. ಉದ್ದದ್ದರ ಎರಡೂ ತುದಿಯನ್ನು ಒಂದೇ ಥರ ತಿದ್ದಿದರು.

"ಇಬ್ಬರಿದ್ದಾಗ ನೀ ಮುಂದ, ನಾ ಹಿಂದ. ಒಬ್ಬಾಕೀನ ಹಿಂದ ಕುಂತ್ರ ದೋಣಿ ಮೂತಿ ಎತ್ತಿ ಗಾಳಿ ನೂಕಿದ ಕಡೆ ಹೊಳ್ಳತದ, ಹಟಮಾರಿ ಎಮ್ಮಿ ಹಂಗ. ಅದಕ್ಕ ನಿನ್ನ ಸೀಟಿನ್ಯಾಗ ಉಲ್ಟಾ ತಿರುಗಿ ಕೂಡೂದು. ಭಾರ ನಡುವಿಗೆ ಬರ್ತದ. ಹಿಂದಿಂದು ಮುಂದಾಗ್ತದ, ಅಷ್ಟ."

ಮಸ್ಕಿಯ ಬಡಿಗೇರ ಕೈ ಮುಗಿದ. "ಟೀಚರ್ರ, ಮಂಚ ಅನ್ರಿ, ಬಾಗಲಾ ಅನ್ರಿ. ದೋಣಿ ನಮ್ಮಪ್ಪನೂ ಮಾಡಿಲ್ಲ."

"ನಿಮ್ಮಪ್ಪಗ ನನ್ನಂಥಾಕಿ ಗಂಟುಬಿದ್ದಿರ್ಲಿಲ್ಲ. ಮಾಡಪಾ."

ಮಸ್ಕಿ ಡ್ಯಾಮಿನ ಹಿನ್ನೀರಿನಲ್ಲಿ, ಲೈಫ್ ಜಾಕೆಟ್ ಕಟ್ಟಿಕೊಂಡು, ಆಚೆ ದಡಕ್ಕೆ ಹೋಗಿ ರೊಟ್ಟಿ ತಿಂದು ಬರುವುದು ನಮ್ಮ ಪ್ರವಾಸ. ಬೆನ್ನ ಹಿಂದೆ ಅವರ ದನಿ: "ನೀರು ಬಡೀಬ್ಯಾಡಬೇ, ಅದೇನು ರೊಟ್ಟಿಯೇನು?" ಮುಖ ಕಾಣದಿದ್ದರೆ ಮಾತು ಸುಲಭ. ನನ್ನ ಹೊಟ್ಟೆಯಲ್ಲಿ ಎರಡು ಸಲ ನಿಂತು ನಿಲ್ಲದೆ ಹೋದದ್ದನ್ನು ಅಲ್ಲಿಯೇ, ನೀರು ನೋಡುತ್ತ ಹೇಳಿದೆ. ಹಿಂದೆ ಹುಟ್ಟಿನ ಸದ್ದು ನಿಂತಿತು. ದೋಣಿ ತಾನಾಗಿ ತೇಲುತ್ತಿತ್ತು. ಆಮೇಲೆ, "ಬಿಸಿಲೇರ್ತು, ಹೊಂಡೂಣು" ಅಂದರು. ಅಷ್ಟು ಸಾಕಾಗಿತ್ತು ನನಗೆ.

ಹೋಗಲಾಗದ ವಾರ ನಾನೇ ಕೇಳುತ್ತಿದ್ದೆ, "ನೀವೊಬ್ಬರ ಹೋಗಿ ಬಂದ್ರೇನ್ರಿ?"

"ಇಲ್ಲಬೇ. ನೀ ಇಲ್ಲದ ಎಲ್ಲಿ ಹೋಗ್ಲಿ?"

ಆಸ್ಪತ್ರೆಯಲ್ಲಿ ಕಡೆಗೆ ಹೇಳಿದ್ದೂ ದೋಣಿಯ ಮಾತೇ. "ಅದನ್ನ ಒಣಗಾಕ ಬಿಡಬ್ಯಾಡ. ಒಬ್ಬಾಕೀನ ಹೋಗು. ಹೆಂಗ ಕೂಡಬೇಕು ಗೊತ್ತದಲ್ಲ?" ತಲೆ ಆಡಿಸಿದ್ದೆ. ಹೋಗುವ ಧೈರ್ಯ ಮಾತ್ರ ಬಂದಿರಲಿಲ್ಲ.

ಅವತ್ತು, ನಮ್ಮ ಮನೆಯವರು ಆಫೀಸಿಗೆ ಹೊರಟ ಮೇಲೆ, ನನ್ನ ಡಬ್ಬಿಯನ್ನೂ ಕಟ್ಟಿಕೊಂಡು ಮಸ್ಕಿಯ ಬಸ್ಸು ಹತ್ತಿದೆ. ದೋಣಿ ಇಡಲು ಜಾಗ ಕೊಟ್ಟಿದ್ದ ದಡದ ಹೊಲದಾಕೆ ಅದನ್ನು ನೂಕಿಕೊಟ್ಟಳು. ನನ್ನ ಸೀಟಿನಲ್ಲಿ ಉಲ್ಟಾ ತಿರುಗಿ ಕೂತೆ. ಎದುರಿಗೆ ಟೀಚರ್ ಸೀಟು, ಖಾಲಿ. ಅದರ ಮುಂದೆ, ಅವರು ಕಾಲೂರುತ್ತಿದ್ದಲ್ಲಿ, ನೀಲಿ ಬಣ್ಣ ಸ್ವಲ್ಪ ಮಾಸಿತ್ತು. ನನ್ನ ಕಾಲು ಊರಲು ಕೆಳಗೆ ನೋಡಿದೆ. ನಾನು ಎಂದೂ ಕಾಲಿಡದ, ನನ್ನ ಸೀಟಿನ ಹಿಂಬದಿಯಲ್ಲಿ ಬಣ್ಣ ಪೂರ್ತಿ ಸವೆದು ಕಟ್ಟಿಗೆ ಬಿಳುಪಾಗಿ ಕಾಣುತ್ತಿತ್ತು, ಎರಡು ಹಿಮ್ಮಡಿಯಗಲ. ದೊಡ್ಡ ಹಿಮ್ಮಡಿ. ನನ್ನ ಹಿಮ್ಮಡಿ ಊರಿದರೆ ಸುತ್ತಲೂ ಇನ್ನೂ ಜಾಗ ಉಳಿಯಿತು.

ಹುಟ್ಟು ಹಾಕಿದೆ. ದೋಣಿ ನೆಟ್ಟಗೆ ಹೋಯಿತು. ಆಚೆ ದಡದಲ್ಲಿ ಡಬ್ಬಿ ಬಿಚ್ಚಿದರೆ ಇಬ್ಬರಿಗಾಗುವಷ್ಟು ರೊಟ್ಟಿ, ಕೈ ಅಭ್ಯಾಸ.

ಸಂಜೆ ಅಂಗಳದ ನಲ್ಲಿಯಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದೆ. ಪಕ್ಕದ ಮನೆಯಾಕೆ ಹಗ್ಗದಿಂದ ಬಟ್ಟೆ ತೆಗೆಯುತ್ತ ಕಾಂಪೌಂಡಿನ ಮೇಲಿಂದ ಅಂದಳು:

"ಆ ದೋಣಿ ಮಾರಿಬಿಡ್ರಿ ಅಕ್ಕಾರ. ಇಬ್ಬರು ಕೂಡೂದದು. ನೀವಿಲ್ಲದ ಟೀಚರ್ರ ಒಂದಿನಾನೂ ಹೋಗಿರ್ಲಿಕ್ಕಿಲ್ಲ."