ಕಾಲರ್ ನೋಡಿ ವರ್ಷ ಹೇಳುವವನು

ಗಿರಾಕಿ ಪ್ಯಾಂಟು ಹಿಡಿದು ನಿಂತಿದ್ದರೂ ಟೈಲರ್ ಮೊದಲು ಫೋನಿನ ಆಟ ಮುಗಿಸುತ್ತಾನೆ. ಯಾವುದೋ ಊರಿನ ಹಳೆಯ ಫೋಟೊ ಬರುತ್ತದೆ. ಅದು ಎಲ್ಲಿಯದು, ಯಾವ ವರ್ಷದ್ದು ಎಂದು ಊಹಿಸಬೇಕು. ಬೆಟ್ಟ, ಸಮುದ್ರ, ಸೇತುವೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. "ಕಾಲರ್ ನೋಡಿ, ನಾಯಿ ಕಿವಿ ಜೋತುಬಿದ್ದ ಹಾಗಿದೆ. ಎಪ್ಪತ್ತಾರು!" ಎನ್ನುತ್ತಾನೆ. ಉತ್ತರ ಎಂಬತ್ತೈದು ಎಂದು ಬಂದಾಗ, ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳುತ್ತಾಳೆ: "ರೀ, ನೀವು ಹೇಳೋದು ಅಂಗಿ ಹುಟ್ಟಿದ ವರ್ಷ. ಎಲ್ಲರೂ ವರ್ಷಕ್ಕೊಂದು ಹೊಸ ಅಂಗಿ ಹೊಲಿಸಿದ್ರೆ ನಾವು ಮಹಡಿ ಮನೆ ಕಟ್ತಿರಲಿಲ್ವಾ?" ಈ ಆಟ ತಯಾರಿಸಿದವರಿಗೆ ಬಟ್ಟೆಯ ಗಂಧಗಾಳಿ ಗೊತ್ತಿಲ್ಲ ಎಂದು ಅವನು ಗೊಣಗುತ್ತಾನೆ. ಮೆಷಿನ್ನಿನ ಡ್ರಾಯರಿನಲ್ಲಿ ಇನ್ನೊಂದು ಫೋಟೊ ಇದೆ. ಮನೆ ಬಿಟ್ಟು ಹೋದ ಅಣ್ಣ ಯಾವುದೋ ಗೋಡೆಯ ಮುಂದೆ ನಿಂತದ್ದು; ಅಂಚೆಯಲ್ಲಿ ಬಂದಾಗ ಲಕೋಟೆಯ ಮೇಲಿನ ಮುದ್ರೆ ಕಲಸಿಹೋಗಿತ್ತು. ಅಣ್ಣ ತೊಟ್ಟಿರುವುದು ಇವನು ಕಲಿಯುವಾಗ ಹೊಲಿದ ಮೊದಲ ಅಂಗಿ, ಜೇಬು ಸೊಟ್ಟ. ಸವೆದ ಕಾಲರನ್ನು ಬಿಚ್ಚಿ, ಮಗುಚಿ, ಬಿಳಿ ದಾರದಲ್ಲಿ ಹೊಲಿದ ಕೈ ಮಾತ್ರ ಇವನದಲ್ಲ. ಕಾಲರ್ ಸವೆಯುವಷ್ಟು ವರ್ಷ ಅಣ್ಣ ಅದನ್ನು ಬಿಡಲಿಲ್ಲ ಎಂಬುದಷ್ಟೇ ಗೊತ್ತು. ಆ ಫೋಟೊವನ್ನು ಆಟಕ್ಕೇ ಹಾಕಿ ಆಡುವವರನ್ನೆಲ್ಲ ಕೇಳೋಣವೆಂದರೆ, ಸರಿಯಾದ ಊರು, ವರ್ಷ ತುಂಬದೆ ಆಟ ಅದನ್ನು ತೆಗೆದುಕೊಳ್ಳುವುದಿಲ್ಲ. ಮುಂದಿನ ಫೋಟೊ ಬರುತ್ತದೆ. ಟೈಲರ್ ಎರಡು ಬೆರಳಿಟ್ಟು ಕಾಲರನ್ನು ದೊಡ್ಡದು ಮಾಡುತ್ತಾನೆ.