ಗೋಡೆ ಒಡೆದು ಕೇಳು

ಮೇಡಂ ಅವರ ಬೆರಳ ತುದಿಗಳು ಸದಾ ನೇರಳೆ. ನಿನ್‌ಹೈಡ್ರಿನ್ ಎಂಬ, ಅಮೈನೋ ಆಮ್ಲ ಪತ್ತೆಹಚ್ಚುವ ರಾಸಾಯನಿಕದ ಕಲೆ ಅದು. ಕೈಗವಸು ಹಾಕಿಕೊಂಡರೂ ಹೇಗೋ ಅಂಟಿಬಿಡುತ್ತಿತ್ತು. ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಸೊಪ್ಪಿನವಳು, "ಏನಮ್ಮಾ, ನೇರಳೆಹಣ್ಣು ಎಲ್ಲಿ ಸಿಕ್ತು?" ಎಂದು ಕೇಳಿದ್ದೂ ಉಂಟು.

ಕಾಲೇಜಿನಲ್ಲಿ ನಮಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವರು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ನೋಡಲು ಒಂದೇ ತರಹ. ಅವುಗಳ ಕೋಶಭಿತ್ತಿಯನ್ನು ಆಮ್ಲದಲ್ಲಿ ಕುದಿಸಿ, ಅದರಲ್ಲಿ ಯಾವ ಅಮೈನೋ ಆಮ್ಲ, ಯಾವ ಸಕ್ಕರೆ ಇದೆ ಎಂದು ನೋಡಿ ಕುಲ ಗುರುತಿಸುತ್ತಿದ್ದರು. "ಮುಖ ನೋಡಿ ಹೆಸರಿಡಬೇಡ ಕಣೇ, ಗೋಡೆ ಒಡೆದು ಕೇಳು," ಎನ್ನುವುದು ಅವರ ಮಾತು.

ಈ ಪರೀಕ್ಷೆಯ ಅನುಕೂಲವಿಲ್ಲದ ಕಾಲದಲ್ಲಿ ಅವರು ದಿಬ್ಬೂರಹಳ್ಳಿಯ ಹಿಪ್ಪುನೇರಳೆ ತೋಟದಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದರು. ಬೇರುಕೊಳೆ ರೋಗ ತಡೆಯುವಂಥದ್ದು. ರೂಪ, ವಾಸನೆ ನೋಡಿ, ಸಾಮಾನ್ಯವಾಗಿ ಮನುಷ್ಯರಿಗೆ ತೊಂದರೆ ಕೊಡದ ಸ್ಟ್ರೆಪ್ಟೊಮೈಸಿಸ್ ಕುಲದ್ದೆಂದು ಹೆಸರಿಟ್ಟಿದ್ದರು. ಅದನ್ನು ಗೊಬ್ಬರದಲ್ಲಿ ಬೆರೆಸಿ ರೈತರಿಗೆ ಹಂಚುವ ಸಿದ್ಧತೆ ನಡೆದಿದ್ದಾಗ, ಅಭ್ಯಾಸಕ್ಕೆಂದು ಅದರ ಭಿತ್ತಿಯನ್ನು ನಾನು ಪರೀಕ್ಷಿಸಿದೆ. ದ್ರಾವಕದಲ್ಲಿ ನಿಲ್ಲಿಸಿದ ಗಾಜಿನ ಫಲಕದ ಮೇಲೆ ಅದರ ಅಮೈನೋ ಆಮ್ಲದ ಚುಕ್ಕೆ, ಸ್ಟ್ರೆಪ್ಟೊಮೈಸಿಸ್‌ನದಾದರೆ ಏರಬೇಕಾದಷ್ಟು ಏರದೆ ಕೆಳಗೇ ನಿಂತಿತು. ಸಕ್ಕರೆಗಳೂ ಬೇರೆ. ಅದು ನೊಕಾರ್ಡಿಯಾ ಬಳಗದ್ದು.

"ನಾನೇ ಏನೋ ತಪ್ಪು ಮಾಡಿರ್ಬೇಕು ಮೇಡಂ," ಎಂದೆ.

ಅವರು ಫಲಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೀನಲ್ಲ ಕಣಮ್ಮ, ನಾನು." ಆದರೂ ತಾವೇ ಮತ್ತೊಮ್ಮೆ ಮಾಡಿದರು. ಡಿಎನ್‌ಎ ಪರೀಕ್ಷೆಗೆ ಬೆಂಗಳೂರಿಗೂ ಕಳಿಸಿದರು. ಅಲ್ಲಿಂದಲೂ ಅದೇ ಉತ್ತರ.

ಸುಮ್ಮನೆ ಬೇರೆ ನೆಪ ಹೇಳಿ ಕೈಬಿಡಬಹುದಿತ್ತು. ಅವರು ಶಿಡ್ಲಘಟ್ಟದ ರೈತರ ಸಭೆಯಲ್ಲೇ ಮೈಕು ಹಿಡಿದರು. "ನಾನು ಇಟ್ಟ ಹೆಸರು ತಪ್ಪು. ಈ ಬಳಗದಲ್ಲಿ ಕಾಲಿನ ಗಾಯದಿಂದ ಒಳಗೆ ಹೋಗಿ ಹುಣ್ಣು ಮಾಡೋವೂ ಇವೆ. ನೀವೆಲ್ಲ ಬರಿಗಾಲಲ್ಲಿ ತೋಟಕ್ಕೆ ಇಳಿಯೋರು. ಇದನ್ನ ಕೊಡಲ್ಲ."

"ಅಷ್ಟು ವರ್ಷದ ಕೆಲಸ ವೇಸ್ಟಾಯ್ತಲ್ಲ ಮೇಡಮ್ಮ," ಎಂದ ಒಬ್ಬ ಹಿರಿಯ.

"ವೇಸ್ಟ್ ಯಾಕಪ್ಪ? ನಿಮ್ಮ ಕಾಲು ಉಳೀತಲ್ಲ."

ಮರುದಿನದಿಂದಲೇ ಅದೇ ತೋಟದ ಮಣ್ಣಿನಲ್ಲಿ ಹುಡುಕಾಟ ಶುರು. ಮೂರನೆಯ ವರ್ಷಕ್ಕೆ ನಿಜವಾದ ಸ್ಟ್ರೆಪ್ಟೊಮೈಸಿಸ್ ಒಂದು ಸಿಕ್ಕಿತು. ಈಗ ರೈತರು ಬಳಸುತ್ತಿರುವುದು ಅದನ್ನೇ.

ಕಳೆದ ವರ್ಷ ಅವರು ತೀರಿಕೊಳ್ಳುವ ಮುನ್ನ ಮುದ್ದೇನಹಳ್ಳಿಯ ಅವರ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ನಾನೂ ಕಾಲೇಜಿನಲ್ಲಿ ಪಾಠ ಹೇಳುವವಳಾಗಿದ್ದೆ. ಕಾಯಿಲೆಯಿಂದ ದನಿ ಇಳಿದಿತ್ತು.

"ಲ್ಯಾಬಲ್ಲಿ ಹುಡುಗರು ನಿನ್ನ ತಪ್ಪು ಹಿಡೀತಾರೇನೇ?"

"ಹಿಡೀತಾರೆ ಮೇಡಂ. ಹೋದ ವಾರಾನೂ ಹಿಡಿದ್ರು."

"ಹಂಗಾದ್ರೆ ಚೆನ್ನಾಗಿ ಪಾಠ ಮಾಡ್ತಿದ್ದೀಯ," ಎಂದು ಕಣ್ಣು ಮುಚ್ಚಿ ನಕ್ಕರು.